ಸಾಹಸಯಾತ್ರೆಯ ಪುಸ್ತಕ, ರಾಜಮನೆತನದ ಇತಿಹಾಸ: ಆರಿಸಿ ಓದುವ ಬಗೆ

ಹಿಮದಲ್ಲಿ ಸ್ಲೆಡ್ಜ್ ಎಳೆದವನ ಕಥೆಗೂ ಸಿಂಹಾಸನದ ಮೇಲೆ ಕೂತವನ ಕಥೆಗೂ ಏನು ಸಂಬಂಧ ಅನ್ನಿಸಬಹುದು. ಓದುವವರ ಕಡೆಯಿಂದ ನೋಡಿದರೆ ಎರಡರಲ್ಲೂ ತೊಡಕು ಒಂದೇ. ಕಥೆ ಹೀಗೇ ಇರಬೇಕು ಅನ್ನುವ ಅಗತ್ಯ ಅದನ್ನು ಹೇಳುವವನಿಗೇ ಇರುತ್ತದೆ. ಯಾತ್ರಿಕನಿಗೆ ಯಾತ್ರೆಯ ಸಾಲ ತೀರಬೇಕು, ಮುಂದಿನ ಯಾತ್ರೆಗೆ ದುಡ್ಡು ಹೊಂದಿಸಬೇಕು. ರಾಜನಿಗೆ ವಂಶದ ಹೆಸರು ಉಳಿಯಬೇಕು, ಅವನ ಆಸ್ಥಾನದಲ್ಲಿ ಬರೆಯುವವನಿಗೆ ತನ್ನ ತಲೆ ಉಳಿಯಬೇಕು. ಇದನ್ನೆಲ್ಲ ಮನಸ್ಸಿನಲ್ಲಿಟ್ಟು ಓದಿದರೆ ಮಜಾ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನನಗೇನೋ ಜಾಸ್ತಿಯೇ ಆಗುತ್ತದೆ.

ಕಾದಂಬರಿ ಓದಿ ಅಭ್ಯಾಸವಿದ್ದು, ಈಗ ನಿಜ ಕಥೆಗಳ ಕಡೆ ಹೊರಳಿದವರಿಗಾಗಿ ಈ ಹಂತಗಳು.

ಹಂತ 1: ಇಡೀ ವಂಶ ಬೇಡ, ಒಂದು ಘಟನೆ ಸಾಕು

ಹೆಚ್ಚಿನವರು ಕೈಬಿಡುವುದು ಮೊದಲ ಪುಸ್ತಕದಲ್ಲೇ. ಒಂದು ದೇಶದ ರಾಜರ ಸಾವಿರ ವರ್ಷದ ಇತಿಹಾಸ ಅಂತ ದಪ್ಪ ಪುಸ್ತಕ ತರುತ್ತಾರೆ. ಮೂರನೇ ಅಧ್ಯಾಯದ ಹೊತ್ತಿಗೆ ಎಲ್ಲ ಹೆನ್ರಿಗಳೂ ಎಲ್ಲ ಲೂಯಿಗಳೂ ಕಲಸಿಹೋಗಿರುತ್ತಾರೆ. ಪುಸ್ತಕ ಕಪಾಟು ಸೇರುತ್ತದೆ.

ಅದರ ಬದಲು ಒಂದು ಘಟನೆ ಹಿಡಿಯಿರಿ. 1536ರಲ್ಲಿ ಇಂಗ್ಲೆಂಡಿನ ರಾಣಿ ಆನ್ ಬೊಲಿನ್ ಬಂಧನವಾಗಿ, ವಿಚಾರಣೆಯಾಗಿ, ತಲೆ ಕಳೆದುಕೊಂಡ ಆ ಕೆಲವು ವಾರಗಳು. 1918ರಲ್ಲಿ ಯೆಕಟೆರಿನ್‌ಬರ್ಗ್‌ನ ಮನೆಯೊಂದರಲ್ಲಿ ರಷ್ಯಾದ ರೊಮನೊವ್ ಕುಟುಂಬ ಕಳೆದ ಕೊನೆಯ ದಿನಗಳು. 1936ರ ಡಿಸೆಂಬರ್‌ನಲ್ಲಿ ಎಂಟನೇ ಎಡ್ವರ್ಡ್ ಪಟ್ಟ ಬಿಟ್ಟದ್ದು. ಇವುಗಳಲ್ಲಿ ಜನ ಕಡಿಮೆ, ಜಾಗ ಚಿಕ್ಕದು, ಹೆಸರುಗಳು ತಲೆಯಲ್ಲಿ ನಿಲ್ಲುತ್ತವೆ. ಇವರ ಅಜ್ಜ, ಮುತ್ತಜ್ಜ ಯಾರು ಅಂತ ಕೇಳಬೇಕು ಅನ್ನಿಸಿದಾಗ ಹಿಂದಕ್ಕೆ ಹೋದರಾಯಿತು.

ಯಾತ್ರೆಗೂ ಇದೇ ಮಾತು. ಧ್ರುವಯಾತ್ರೆಗಳ ಸಮಗ್ರ ಇತಿಹಾಸ ಈಗಲೇ ಬೇಡ. ಎಂಡ್ಯೂರೆನ್ಸ್ ಹಡಗಿನ ಕಥೆ ತೆಗೆದುಕೊಳ್ಳಿ. 1915ರ ಜನವರಿಯಲ್ಲಿ ಅದು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು, ನವೆಂಬರ್‌ನಲ್ಲಿ ಮುಳುಗಿತು. 28 ಜನ ಮಂಜುಗಡ್ಡೆಯ ಮೇಲೆ ತಿಂಗಳುಗಟ್ಟಲೆ ಉಳಿದು, ಆಮೇಲೆ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಸೇರಿದರು. ಅಲ್ಲಿಂದ ತಂಡದ ನಾಯಕ ಅರ್ನೆಸ್ಟ್ ಶ್ಯಾಕಲ್‌ಟನ್ ಮತ್ತು ಐದು ಜನ ಒಂದು ಚಿಕ್ಕ ದೋಣಿಯಲ್ಲಿ ಸುಮಾರು 1,300 ಕಿ.ಮೀ. ಸಮುದ್ರ ದಾಟಿ ದಕ್ಷಿಣ ಜಾರ್ಜಿಯಾ ಮುಟ್ಟಿದರು. 1916ರ ಆಗಸ್ಟ್ 30ರಂದು ದ್ವೀಪದಲ್ಲಿದ್ದ 22 ಜನರನ್ನೂ ಕರೆತಂದರು. 28 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಮೊದಲ ಪುಸ್ತಕಕ್ಕೆ ಹೇಳಿ ಮಾಡಿಸಿದ ಕಥೆ. ಇದಕ್ಕೆ ಇನ್ನೊಂದು ಮುಖವಿದೆ, ಅದು ಆಮೇಲೆ.

ಹಂತ 2: ಪುಸ್ತಕವನ್ನು ಹಿಂದಿನಿಂದ ತೆರೆಯಿರಿ

ಮುಖಪುಟ, ಹಿಂಬದಿಯ ಹೊಗಳಿಕೆ ಎರಡನ್ನೂ ಬಿಡಿ. ನೇರವಾಗಿ ಕೊನೆಯ ಪುಟಗಳಿಗೆ ಹೋಗಿ. ಟಿಪ್ಪಣಿಗಳಿವೆಯಾ? ಪದಸೂಚಿ ಇದೆಯಾ? ಮ್ಯಾಪ್ ಇದೆಯಾ? ರಾಜಮನೆತನದ ಪುಸ್ತಕವಾದರೆ ವಂಶವೃಕ್ಷ ಇದೆಯಾ?

ಆಮೇಲೆ ಒಂದು ಚಿಕ್ಕ ಪರೀಕ್ಷೆ. ನಡುವೆ ಎಲ್ಲಾದರೂ ತೆರೆದು, ಉದ್ಧರಣ ಚಿಹ್ನೆಯೊಳಗಿನ ಒಂದು ಮಾತು ಹುಡುಕಿ. ರಾಜ ರಾತ್ರಿ ಶಯನಗೃಹದಲ್ಲಿ ರಾಣಿಗೆ ಹೀಗೆಂದ ಅಂತ ಇದೆ ಅಂದುಕೊಳ್ಳಿ. ಅಲ್ಲಿ ಮೂರನೆಯವರು ಇರಲಿಲ್ಲ. ಹಾಗಾದರೆ ಇದನ್ನು ಬರೆದಿಟ್ಟವರು ಯಾರು? ಟಿಪ್ಪಣಿ ನೋಡಿ. ಪತ್ರವೋ, ರಾಯಭಾರಿಯ ವರದಿಯೋ, ಸೇವಕಿಯ ಹೇಳಿಕೆಯೋ ಇದ್ದರೆ ಸರಿ. ಏನೂ ಇಲ್ಲದಿದ್ದರೆ ಅದು ಲೇಖಕರ ಕಲ್ಪನೆ. ಅಂಥ ಪುಸ್ತಕವನ್ನು ಕಾದಂಬರಿ ಅಂತ ಓದಿ, ತಪ್ಪೇನಿಲ್ಲ. ಇತಿಹಾಸ ಅಂತ ಮಾತ್ರ ಇನ್ನೊಬ್ಬರಿಗೆ ಹೇಳಬೇಡಿ.

ಮೊದಲು ಪ್ರಕಟವಾದ ವರ್ಷವನ್ನೂ ನೋಡಬೇಕು. ಮರುಮುದ್ರಣದ ವರ್ಷ ನೋಡಿ ಹೊಸ ಪುಸ್ತಕ ಅಂದುಕೊಳ್ಳುವುದು ಸುಲಭ. ರೊಮನೊವ್ ಕುಟುಂಬದ ವಿಷಯದಲ್ಲಿ ಇದು ತುಂಬ ಮುಖ್ಯ. ಅವರನ್ನು ಕೊಂದದ್ದು 1918ರ ಜುಲೈ 17ರಂದು. ಆದರೆ ಅಸ್ಥಿಗಳನ್ನು ಅಗೆದು ತೆಗೆದದ್ದು 1991ರಲ್ಲಿ. ಉಳಿದ ಇಬ್ಬರು ಮಕ್ಕಳ ಅವಶೇಷ ಸಿಕ್ಕಿದ್ದು 2007ರಲ್ಲಿ. ತಾನೇ ರಾಜಕುಮಾರಿ ಅನಸ್ತಾಸಿಯಾ ಅಂತ ದಶಕಗಟ್ಟಲೆ ಹೇಳಿಕೊಂಡಿದ್ದ ಆನಾ ಆಂಡರ್ಸನ್ ಆಕೆಯಲ್ಲ ಅಂತ ಡಿಎನ್‌ಎ ಪರೀಕ್ಷೆ ತೋರಿಸಿದ್ದು 1994ರಲ್ಲಿ. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ‘ಬದುಕುಳಿದ ರಾಜಕುಮಾರಿ’ ಇನ್ನೂ ಜೀವಂತ. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಬಗ್ಗೆಯೂ ಹಾಗೇ. 2012ರಲ್ಲಿ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಅಡಿಯಲ್ಲಿ ಅವನ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಒಂದು ಪಕ್ಕಕ್ಕೆ ಬಾಗಿದ್ದು ನಿಜ. ವೈರಿಗಳು ಬರೆದಿದ್ದ ಒಣಗಿದ ಕೈ ಮಾತ್ರ ಸುಳ್ಳು.

ಹಂತ 3: ಒಂದು ಹಾಳೆ, ಒಂದು ಪೆನ್ಸಿಲ್

ವಂಶವೃಕ್ಷವನ್ನು ಪುಸ್ತಕದಲ್ಲಿ ನೋಡಿದರೆ ಸಾಲದು, ನೀವೇ ಬರೆಯಿರಿ. ಎಲ್ಲರನ್ನೂ ಅಲ್ಲ, ಕಥೆಗೆ ಬೇಕಾದವರನ್ನು ಮಾತ್ರ. ಮೊದಲ ಮಹಾಯುದ್ಧದ ಮುಂಚಿನ ಯುರೋಪನ್ನು ಹೀಗೆ ಬರೆದು ನೋಡಿ. ಮೇಲೆ ರಾಣಿ ವಿಕ್ಟೋರಿಯಾ. ಕೆಳಗೆ ಮೂವರು ಮೊಮ್ಮಕ್ಕಳು: ಬ್ರಿಟನ್ನಿನ ಐದನೇ ಜಾರ್ಜ್, ಜರ್ಮನಿಯ ಎರಡನೇ ವಿಲ್‌ಹೆಲ್ಮ್, ರಷ್ಯಾದ ಸಾಮ್ರಾಜ್ಞಿ ಅಲೆಕ್ಸಾಂಡ್ರಾ. ಅಲೆಕ್ಸಾಂಡ್ರಾಳ ಗಂಡ ನಿಕೊಲಸ್‌ನ ತಾಯಿಯೂ ಜಾರ್ಜ್‌ನ ತಾಯಿಯೂ ಡೆನ್ಮಾರ್ಕಿನ ಅಕ್ಕತಂಗಿಯರು. ಇಷ್ಟು ಗೆರೆ ಎಳೆದ ಮೇಲೆ ಆ ಕಾಲದ ಪತ್ರಗಳ ಧಾಟಿ, ಅಡ್ಡಹೆಸರುಗಳು, ಮುನಿಸು ಎಲ್ಲ ತಾನಾಗಿ ಅರ್ಥವಾಗುತ್ತದೆ. ಯುದ್ಧ ನಡೆದದ್ದು ನೆಂಟರ ಮನೆಗಳ ನಡುವೆ.

ಅದೇ ಹಾಳೆಯ ಮೂಲೆಯಲ್ಲಿ ಕ್ಯಾಲೆಂಡರ್ ಬಗ್ಗೆ ಒಂದು ಸಾಲು ಬರೆದುಕೊಳ್ಳಿ. ರಷ್ಯಾ 1918ರ ತನಕ ಹಳೆಯ ಜೂಲಿಯನ್ ಕ್ಯಾಲೆಂಡರ್ ಇಟ್ಟುಕೊಂಡಿತ್ತು. ಆಗ ಅದು 13 ದಿನ ಹಿಂದೆ. ಅಕ್ಟೋಬರ್ ಕ್ರಾಂತಿ ಉಳಿದ ಜಗತ್ತಿಗೆ ನವೆಂಬರ್ 7ರಂದು ಆಗಿದ್ದು ಹೀಗೆ. ಇಂಗ್ಲೆಂಡ್ ಬದಲಾದದ್ದು 1752ರಲ್ಲಿ. ಅದಕ್ಕೂ ಮೊದಲು ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಮೊದಲನೇ ಚಾರ್ಲ್ಸ್ ತಲೆ ಕಡಿಸಿಕೊಂಡ ಜನವರಿ 30 ನಮಗೆ 1649, ಅಂದಿನ ಕಾಗದಪತ್ರಗಳಲ್ಲಿ 1648. ಎರಡು ಪುಸ್ತಕ ಎರಡು ವರ್ಷ ಹೇಳಿದರೆ ಯಾರೋ ತಪ್ಪಿದ್ದಾರೆ ಅಂತ ತಕ್ಷಣ ತೀರ್ಮಾನಿಸಬೇಡಿ.

ಯಾತ್ರೆಯ ಪುಸ್ತಕಕ್ಕೆ ಮ್ಯಾಪ್ ಬೇಕೇಬೇಕು. ಪ್ರತಿ ಅಧ್ಯಾಯ ಮುಗಿದ ಮೇಲೆ ಎಲ್ಲಿದ್ದಾರೆ ಅಂತ ಒಂದು ಚುಕ್ಕೆ ಇಡಿ. ಅಳತೆಗಳನ್ನು ನಮ್ಮ ಲೆಕ್ಕಕ್ಕೆ ತಂದುಕೊಳ್ಳಿ: ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಮೈನಸ್ 77 ಫ್ಯಾರನ್‌ಹೀಟ್ ಅಂದರೆ ಹೆಚ್ಚುಕಡಿಮೆ ಮೈನಸ್ 60 ಡಿಗ್ರಿ ಸೆಲ್ಸಿಯಸ್.

ಹಂತ 4: ಹೇಳಿದ್ದು ಯಾರು, ಬರೆದದ್ದು ಯಾರು, ಕತ್ತರಿ ಹಾಕಿದ್ದು ಯಾರು

ಮುಖಪುಟದಲ್ಲಿರುವ ಹೆಸರಿನವರೇ ಬರೆದರು ಅಂತ ಏನಿಲ್ಲ. ಮಾರ್ಕೋ ಪೋಲೋ ತನ್ನ ಕಥೆ ಹೇಳಿದ್ದು ಜಿನೋವಾದ ಸೆರೆಮನೆಯಲ್ಲಿ. ಬರೆದವನು ಜೊತೆಗಿದ್ದ ಕೈದಿ ರುಸ್ತಿಕೆಲ್ಲೋ. ಅವನೋ ವೀರಗಾಥೆ ಬರೆಯುವ ಕಸುಬಿನವನು. ಇಬ್ನ್ ಬತೂತಾ ಹೇಳಿದ್ದನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸ ಬರೆದು 1355ರಲ್ಲಿ ಮುಗಿಸಿದ. ಕೆಲವು ವರ್ಣನೆಗಳನ್ನು ಇನ್ನೊಬ್ಬ ಹಳೆಯ ಯಾತ್ರಿಕನ ಪುಸ್ತಕದಿಂದಲೇ ಎತ್ತಿಕೊಂಡಿದ್ದಾನೆ. ಶ್ಯಾಕಲ್‌ಟನ್ ಹೆಸರಲ್ಲಿ 1919ರಲ್ಲಿ ಬಂದ ‘ಸೌತ್’ ಪುಸ್ತಕಕ್ಕೂ ಹಿಂದೆ ಒಬ್ಬ ಪತ್ರಕರ್ತನ ಕೈ ಇದೆ.

ಕತ್ತರಿಯ ವಿಷಯ ಇನ್ನೂ ಸ್ವಾರಸ್ಯ. ವಿಕ್ಟೋರಿಯಾ ಬಾಲ್ಯದಿಂದ ಸಾಯುವ ತನಕ ದಿನಚರಿ ಬರೆದಳು. ಅವಳು 1901ರಲ್ಲಿ ತೀರಿಕೊಂಡ ಮೇಲೆ ಮಗಳು ಬಿಯಾಟ್ರಿಸ್ ಅದನ್ನೆಲ್ಲ ಕೈಯಲ್ಲಿ ಪ್ರತಿ ಮಾಡಿದಳು. ಬೇಡದ್ದನ್ನು ಬಿಟ್ಟಳು, ಮೂಲದ ಬಹುಭಾಗವನ್ನು ನಾಶ ಮಾಡಿದಳು. ಮಗಳ ಕೈಬರಹದ ಸಂಪುಟಗಳೇ 111. ಆದರೆ ಲಾರ್ಡ್ ಎಷರ್ ಅನ್ನುವವರು 1840ರ ತನಕದ ಭಾಗವನ್ನು ಮೊದಲೇ ಟೈಪ್ ಮಾಡಿಸಿ ಇಟ್ಟಿದ್ದರು. ಎರಡನ್ನೂ ಪಕ್ಕದಲ್ಲಿಟ್ಟರೆ ಮಗಳು ಏನೇನು ತೆಗೆದಳು ಅಂತ ಕಾಣುತ್ತದೆ. ವಿಕ್ಟೋರಿಯಾ ಬಗ್ಗೆ ಪುಸ್ತಕ ಓದುವಾಗ, 1840ರ ನಂತರದ ದಿನಚರಿಯ ಮಾತು ಬಂದರೆ ಅದು ತಾಯಿಯ ಮಾತನ್ನು ಮಗಳು ಸೋಸಿ ಕೊಟ್ಟದ್ದು ಅಂತ ನೆನಪಿರಲಿ.

ಯಾತ್ರಿಕರ ದಿನಚರಿಗೂ ಇದು ತಪ್ಪಿದ್ದಲ್ಲ. ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ಸತ್ತ ರಾಬರ್ಟ್ ಸ್ಕಾಟ್‌ನ ದಿನಚರಿ ಮರುವರ್ಷ ಅಚ್ಚಾಯಿತು. ಜೊತೆಗಾರರನ್ನು ಬೈದ ಕೆಲವು ಮಾತು ಅಚ್ಚಿಗೆ ಹೋಗಲಿಲ್ಲ.

ಅದೇ ತಂಡದ ಆಪ್ಸ್ಲಿ ಚೆರಿ-ಗ್ಯಾರಾರ್ಡ್ 1922ರಲ್ಲಿ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ ಬರೆದ. ಆ ಹೆಸರು ಸ್ಕಾಟ್‌ನ ಕೊನೆಯ ಯಾತ್ರೆಯದ್ದಲ್ಲ, 1911ರ ಚಳಿಗಾಲದ ಇನ್ನೊಂದು ಯಾತ್ರೆಯದ್ದು. ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಮೂವರು ಕಗ್ಗತ್ತಲಲ್ಲಿ ಹೊರಟರು. ಹಗಲೇ ಇಲ್ಲದ ಐದು ವಾರ, ಮೈನಸ್ 60ರ ಚಳಿ. ಬಿರುಗಾಳಿ ಟೆಂಟನ್ನೇ ಹಾರಿಸಿಕೊಂಡು ಹೋಯಿತು. ಪುಣ್ಯಕ್ಕೆ ಇಳಿಜಾರಿನ ಕೆಳಗೆ ಅದು ಸಿಕ್ಕಿತು, ಇಲ್ಲದಿದ್ದರೆ ಪುಸ್ತಕವೂ ಇರುತ್ತಿರಲಿಲ್ಲ. ತಂದದ್ದು ಮೂರು ಮೊಟ್ಟೆ. ಅವನ್ನು ಲಂಡನ್ನಿನ ಮ್ಯೂಸಿಯಂಗೆ ಕೊಡಲು ಹೋದಾಗ ಯಾರೂ ಸರಿಯಾಗಿ ಮಾತಾಡಿಸಲಿಲ್ಲ, ಕಾಯಿಸಿದರು. ಆ ಪುಟಗಳಲ್ಲಿ ಅವನ ಸಿಟ್ಟು, ನಗು ಎರಡೂ ಇದೆ.

ಆ ಸಿಟ್ಟಿನ ಬೇರು ಬೇರೆ ಕಡೆ ಇದೆ ಅಂತ ನನ್ನ ಅನಿಸಿಕೆ. ಮೊಟ್ಟೆ ತರಲು ಜೊತೆಗಿದ್ದ ಇಬ್ಬರೂ ಆಮೇಲೆ ಸ್ಕಾಟ್ ಜೊತೆ ಸತ್ತರು. ಕೊನೆಯ ಟೆಂಟ್ ಸಿಕ್ಕಿದ್ದು ಆಹಾರದ ಡಿಪೋದಿಂದ ಸುಮಾರು 18 ಕಿ.ಮೀ. ದೂರದಲ್ಲಿ. ಅವರು ಸಾಯುವ ಕೆಲವೇ ವಾರ ಮೊದಲು ಅದೇ ಡಿಪೋದಲ್ಲಿ ಕಾದು, ಅವರು ಬಾರದ್ದರಿಂದ ಮರಳಿದವನು ಚೆರಿ-ಗ್ಯಾರಾರ್ಡ್. ಇದನ್ನು ತಿಳಿದು ಓದಿ, ವಾಕ್ಯಗಳ ತೂಕವೇ ಬದಲಾಗುತ್ತದೆ.

ಹಂತ 5: ಒಂದೇ ಘಟನೆಗೆ ಎರಡು ಪುಸ್ತಕ

ಒಂದೇ ಹಂತ ಪಾಲಿಸಲು ಸಮಯ ಇರುವುದಾದರೆ ಇದನ್ನು ಪಾಲಿಸಿ.

1996ರ ಮೇ 10 ಮತ್ತು 11ರಂದು ಎವರೆಸ್ಟ್ ಮೇಲೆ ಬಿರುಗಾಳಿಗೆ ಸಿಕ್ಕಿ ಎಂಟು ಜನ ಸತ್ತರು. ಒಂದು ತಂಡದಲ್ಲಿ ಪತ್ರಕರ್ತ ಜಾನ್ ಕ್ರಾಕವರ್ ಇದ್ದರು. ಮರುವರ್ಷ ‘ಇನ್‌ಟು ಥಿನ್ ಏರ್’ ಬರೆದರು. ಇನ್ನೊಂದು ತಂಡದ ಗೈಡ್ ಅನಾತೊಲಿ ಬುಕ್ರೀವ್. ಅವರು ಆಕ್ಸಿಜನ್ ಸಿಲಿಂಡರ್ ಇಲ್ಲದೆ ಹತ್ತಿದ್ದನ್ನೂ, ತಾನು ಕರೆದೊಯ್ದವರಿಗಿಂತ ಮೊದಲೇ ಇಳಿದದ್ದನ್ನೂ ಕ್ರಾಕವರ್ ಟೀಕಿಸಿದರು. ಬುಕ್ರೀವ್ ಅದೇ ವರ್ಷ ಸಹಲೇಖಕರ ಜೊತೆ ‘ದಿ ಕ್ಲೈಂಬ್’ ತಂದರು. ಬೇಗ ಇಳಿದದ್ದು ಬೇಕಾದಾಗ ಸಹಾಯಕ್ಕೆ ತಯಾರಿರಲು, ತಂಡದ ನಾಯಕನಿಗೂ ಇದು ಗೊತ್ತಿತ್ತು ಅನ್ನುವುದು ಅವರ ವಾದ. ಆ ರಾತ್ರಿ ಬಿರುಗಾಳಿಯಲ್ಲಿ ಒಬ್ಬರೇ ಹೊರಗೆ ಹೋಗಿ ಮೂವರನ್ನು ಉಳಿಸಿ ತಂದವರೂ ಅವರೇ. ಇದನ್ನು ಕ್ರಾಕವರ್ ಕೂಡ ಒಪ್ಪುತ್ತಾರೆ.

ಎರಡನ್ನೂ ಒಂದರ ಮೇಲೊಂದು ಓದಿದರೆ ಕೊನೆಗೆ ಓದಿದ್ದೇ ಸರಿ ಅನ್ನಿಸಿಬಿಡುತ್ತದೆ. ಅದಕ್ಕೇ ಬೇರೆ ರೀತಿ ಮಾಡಿ. ಮೇ 10ರ ಮಧ್ಯಾಹ್ನದಿಂದ ಮರುದಿನ ಬೆಳಗಿನ ತನಕದ ಪುಟಗಳನ್ನು ಎರಡರಲ್ಲೂ ಗುರುತಿಸಿ. ಹಾಳೆಯಲ್ಲಿ ಗಂಟೆಗಳನ್ನು ಕೆಳಗಿಳಿಸಿ ಬರೆಯಿರಿ. ಪ್ರತಿ ಗಂಟೆಯ ಎದುರು ಯಾರು ಎಲ್ಲಿದ್ದರು ಅಂತ ಎರಡೂ ಪುಸ್ತಕದಿಂದ ತುಂಬಿ. ಬಹಳಷ್ಟು ಕಡೆ ಸಂಗತಿಗಳಲ್ಲಿ ಜಗಳವೇ ಇಲ್ಲ, ಅರ್ಥದಲ್ಲಿ ಮಾತ್ರ ಜಗಳ ಅನ್ನುವುದು ಆಗ ಕಾಣುತ್ತದೆ. ಎಂಟು ಸಾವಿರ ಮೀಟರ್ ಎತ್ತರದಲ್ಲಿ ಆಕ್ಸಿಜನ್ ಸಾಲದೆ ಮಿದುಳು ಮಂಕಾಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬೇಕು. ಇಳಿಯುವಾಗ ಮಾತಾಡಿಸಿದ್ದು ತನ್ನ ತಂಡದ ಗೈಡನ್ನೇ ಅಂತ ಕ್ರಾಕವರ್ ಪತ್ರಿಕೆಯ ಲೇಖನದಲ್ಲಿ ಬರೆದಿದ್ದರು. ಅದು ಬೇರೆ ತಂಡದವರು ಅಂತ ಆಮೇಲೆ ತಿಳಿದು, ಪುಸ್ತಕದಲ್ಲಿ ಅದನ್ನು ಬಿಡಿಸಿ ಹೇಳಿದರು. ಲೇಖಕರ ಮೇಲೆ ನಂಬಿಕೆ ಹುಟ್ಟುವುದು ಇಂಥ ಕಡೆ, ಅಲ್ವಾ?

ರಾಜರ ಕಥೆಯಲ್ಲಿ ಎರಡನೇ ಪುಸ್ತಕವನ್ನು ಎದುರು ಪಾಳೆಯದಿಂದ ಆರಿಸಿ. ಆನ್ ಬೊಲಿನ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಯೂಸ್ಟಸ್ ಷಾಪ್ವಿಯ ಪತ್ರಗಳಿಂದ ಬಂದದ್ದು. ಅವನು ಯಾರು? ಆನ್‌ಗಾಗಿ ರಾಜ ಬಿಟ್ಟ ಮೊದಲ ಹೆಂಡತಿಯ ಸೋದರಳಿಯ ಚಕ್ರವರ್ತಿ ಐದನೇ ಚಾರ್ಲ್ಸ್‌ನ ರಾಯಭಾರಿ. ಅವನಿಂದ ಹೊಗಳಿಕೆ ಹುಡುಕಿದರೆ ಸಿಕ್ಕೀತೇ? ಆನ್‌ಗೆ ಆರು ಬೆರಳು ಇದ್ದವು ಅನ್ನುವ ಮಾತು ಅಚ್ಚಾದದ್ದಂತೂ ಅವಳು ಸತ್ತು ಸುಮಾರು ಐವತ್ತು ವರ್ಷದ ಮೇಲೆ, ಅವಳ ಮಗಳನ್ನು ವಿರೋಧಿಸುತ್ತಿದ್ದವನ ಪುಸ್ತಕದಲ್ಲಿ.

ಹಂತ 6: ಪುಸ್ತಕದಲ್ಲಿ ಮಾತಾಡದವರನ್ನು ಹುಡುಕಿ

ಎಂಡ್ಯೂರೆನ್ಸ್ ಕಥೆಯ ಇನ್ನೊಂದು ಮುಖ ಈಗ. ಶ್ಯಾಕಲ್‌ಟನ್ ಖಂಡವನ್ನು ದಾಟಿ ಬರುತ್ತಾನೆ ಅಂತ ಆಚೆ ತುದಿಯಲ್ಲಿ, ರಾಸ್ ಸಮುದ್ರದ ಕಡೆಯಿಂದ, ಇನ್ನೊಂದು ತಂಡ ಅವನಿಗಾಗಿ ಆಹಾರದ ಡಿಪೋ ಇಡುತ್ತಾ ಹೋಯಿತು. ಅವನು ಬರಲೇ ಇಲ್ಲ. ಆ ತಂಡದಲ್ಲಿ ಮೂವರು ಸತ್ತರು. ‘ಒಬ್ಬರನ್ನೂ ಕಳೆದುಕೊಳ್ಳದ ನಾಯಕ’ ಅಂತ ಬರೆಯುವ ಪುಸ್ತಕ ಅರ್ಧ ಯಾತ್ರೆಯನ್ನಷ್ಟೇ ಎಣಿಸಿದೆ.

ಇನ್ನೂ ದೊಡ್ಡ ಉದಾಹರಣೆ ಜಾನ್ ಫ್ರಾಂಕ್ಲಿನ್‌ನ ಯಾತ್ರೆ. 1845ರಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗು ಆರ್ಕ್ಟಿಕ್‌ಗೆ ಹೋದವು. 129 ಜನ ಮರಳಲಿಲ್ಲ. 1854ರಲ್ಲಿ ಜಾನ್ ರೇ ಎಂಬ ಯಾತ್ರಿಕ ಅಲ್ಲಿನ ಇನ್ಯುಯಿಟ್ ಜನರನ್ನು ಕೇಳಿ ತಿಳಿದು ಬಂದು, ಹಸಿವಿನಿಂದ ಸತ್ತರು, ಕೊನೆಗೆ ಸತ್ತವರನ್ನೇ ತಿಂದರು ಅಂತ ವರದಿ ಕೊಟ್ಟ. ಇಂಗ್ಲೆಂಡ್ ಸಿಡಿದೆದ್ದಿತು. ಇನ್ಯುಯಿಟರ ಮಾತು ನಂಬಲು ಯೋಗ್ಯವಲ್ಲ ಅಂತ ಚಾರ್ಲ್ಸ್ ಡಿಕೆನ್ಸ್ ಕೂಡ ಬರೆದ. ಆಮೇಲೆ ಸಿಕ್ಕ ಮೂಳೆಗಳ ಮೇಲಿನ ಕತ್ತಿಯ ಗುರುತು ಆ ಮಾತನ್ನೇ ನಿಜ ಮಾಡಿತು. 2014ರಲ್ಲಿ ಎರೆಬಸ್, 2016ರಲ್ಲಿ ಟೆರರ್ ಸಿಕ್ಕವು. ಎರಡರ ಹುಡುಕಾಟಕ್ಕೂ ಇನ್ಯುಯಿಟರ ನೆನಪು ದಾರಿ ತೋರಿಸಿತ್ತು.

ಹಾಗಾಗಿ ಪದಸೂಚಿಯಲ್ಲಿ ಸ್ಥಳೀಯರ ಹೆಸರು ಹುಡುಕಿ. ಹೊರೆ ಹೊತ್ತವರು, ನಾಯಿ ಓಡಿಸಿದವರು, ದಾರಿ ತೋರಿಸಿದವರು ಹೆಸರಿನಿಂದ ಇದ್ದಾರಾ, ಅಥವಾ ಸುಮ್ನೆ ‘ಕೂಲಿಗಳು’ ಅಂತಷ್ಟೇ ಇದೆಯಾ? ಅರಮನೆಯ ಪುಸ್ತಕದಲ್ಲಿ ದಾದಿಯರು, ಅಡುಗೆಯವರು, ಪಟ್ಟಕ್ಕೆ ಬಾರದ ಹೆಣ್ಣುಮಕ್ಕಳನ್ನು ನೋಡಿ.

ಹಂತ 7: ತುಂಬಾ ಚೆನ್ನಾಗಿರುವ ಕಥೆಗೆ ತುಸು ಅನುಮಾನ

ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಅಂತ ಫ್ರಾನ್ಸಿನ ರಾಣಿ ಮರೀ ಆಂಟ್ವನೆಟ್ ಹೇಳಿದ್ದಕ್ಕೆ ಆಧಾರ ಇಲ್ಲ. ಅಂಥದ್ದೊಂದು ಮಾತನ್ನು ಹೆಸರು ಹೇಳದ ‘ಒಬ್ಬ ರಾಜಕುಮಾರಿ’ಯ ಬಾಯಲ್ಲಿ ರೂಸೋ ಬರೆದಾಗ ಇವಳಿನ್ನೂ ಆಸ್ಟ್ರಿಯಾದಲ್ಲಿದ್ದ ಹುಡುಗಿ. ಸಂಖ್ಯೆಗಳೂ ಹಾಗೇ. ಪರ್ಷಿಯಾದ ರಾಜ ಕ್ಸೆರ್ಕ್ಸೀಸ್‌ನ ಸೈನ್ಯ 26 ಲಕ್ಷಕ್ಕೂ ಜಾಸ್ತಿ ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ಅಷ್ಟು ಜನಕ್ಕೆ ನೀರು ಎಲ್ಲಿಂದ ಅಂತ ಕೇಳಿದರೆ ಸಾಕು.

ಹಂತ 8: ಎರಡೂ ಒಂದೇ ಕಡೆ ಸಿಗುವ ಪುಸ್ತಕಕ್ಕೆ ಬನ್ನಿ

ಇಷ್ಟು ಅಭ್ಯಾಸವಾದ ಮೇಲೆ ಬಾಬರ್‌ನಾಮಾ ಓದಿ. ರಾಜನೇ ಯಾತ್ರಿಕ, ಅವನೇ ಲೇಖಕ. 1494ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ಮಧ್ಯ ಏಷ್ಯಾದ ಫರ್ಘಾನಾದ ಪಟ್ಟಕ್ಕೆ ಬಂದವನು. ಸಮರ್ಕಂದ್ ಗೆದ್ದು ಕಳೆದುಕೊಂಡ, ಊರೂರು ಅಲೆದ, 1504ರಲ್ಲಿ ಕಾಬೂಲ್ ಹಿಡಿದ. 1506–07ರ ಚಳಿಗಾಲದಲ್ಲಿ ಹೆರಾತ್‌ನಿಂದ ಕಾಬೂಲ್‌ಗೆ ಬೆಟ್ಟದ ದಾರಿಯಲ್ಲಿ ಮರಳುವಾಗ ಎದೆಮಟ್ಟದ ಹಿಮ. ಒಂದು ಗವಿ ಸಿಕ್ಕಿತು. ಒಳಗೆ ಬನ್ನಿ ಅಂತ ಜೊತೆಗಾರರು ಕರೆದರು. ನನ್ನ ಜನ ಹಿಮದಲ್ಲಿರುವಾಗ ನಾನು ಬೆಚ್ಚಗೆ ಮಲಗುವುದು ಸರಿಯಲ್ಲ ಅಂತ ಅವನು ಹೊರಗೇ ಗುಂಡಿ ತೋಡಿ ಕೂತ. ತಲೆ, ಬೆನ್ನು, ಕಿವಿಯ ಮೇಲೆಲ್ಲ ಹಿಮ ಬಿತ್ತು. ಗವಿಯಲ್ಲಿ ಎಲ್ಲರಿಗೂ ಜಾಗ ಇದೆ ಅಂತ ಗೊತ್ತಾದ ಮೇಲೆಯೇ ಒಳಗೆ ಹೋದ. ಚೆಂದದ ಪ್ರಸಂಗ. ಹೇಳುತ್ತಿರುವವನು ಅವನೇ ಅನ್ನುವುದೂ ನೆನಪಿರಲಿ.

ಇನ್ನೊಂದು ಕಡೆ, 1529ರ ಮಳೆಗಾಲಕ್ಕೆ ಮುಂಚೆ, ಬರೆಯುತ್ತಾ ಕೂತಾಗ ಬಿರುಗಾಳಿ ಬಂದು ಡೇರೆ ತಲೆಯ ಮೇಲೇ ಬಿತ್ತು. ಹಾಳೆಗಳೆಲ್ಲ ನೆನೆದವು. ಬೆಳಗಾಗುವ ತನಕ ಬೆಂಕಿ ಮಾಡಿ ಒಣಗಿಸಿದರು.

ಪುಸ್ತಕದಲ್ಲಿ ದೊಡ್ಡ ಬಿರುಕುಗಳಿವೆ. 1508ರಿಂದ 1519ರ ತನಕ ಏನೂ ಇಲ್ಲ. ಹಾಳೆ ಕಳೆದುಹೋಗಿರಬೇಕು ಅಂತ ಹಲವರ ಊಹೆ. ಪರ್ಷಿಯಾದ ಶಾ ಇಸ್ಮಾಯಿಲನ ಸಹಾಯ ಪಡೆದು ಬಾಬರ್ ಮತ್ತೆ ಸಮರ್ಕಂದ್ ಹಿಡಿದು, ಮತ್ತೆ ಕಳೆದುಕೊಂಡದ್ದು ಅದೇ ವರ್ಷಗಳಲ್ಲಿ. ಅದನ್ನು ಅವನ ಸಂಬಂಧಿ ಮಿರ್ಜಾ ಹೈದರ್ ದುಘ್ಲಾತ್‌ನ ‘ತಾರೀಖ್-ಎ-ರಶೀದಿ’ಯಲ್ಲಿ ಓದಬೇಕು. ಬಾಬರ್‌ನ ಬರಹ 1529ಕ್ಕೇ ನಿಲ್ಲುತ್ತದೆ, ಸತ್ತದ್ದು 1530ರಲ್ಲಿ. ಆ ಕೊನೆಯ ದಿನಗಳಿಗೆ ಮಗಳು ಗುಲ್‌ಬದನ್ ಬೇಗಂ ಬರೆದ ‘ಹುಮಾಯೂನ್‌ನಾಮಾ’ ಇದೆ. ಅಪ್ಪ ಸತ್ತಾಗ ಅವಳಿಗೆ ಎಂಟು ವರ್ಷ. ಬರೆದದ್ದು ಮುದುಕಿಯಾದ ಮೇಲೆ, ಅಕ್ಬರ್ ಕೇಳಿದ್ದಕ್ಕೆ. ಯುದ್ಧಗಳ ನಡುವೆ ಹೆಣ್ಣುಮಕ್ಕಳು ಎಲ್ಲಿದ್ದರು, ಮದುವೆ, ಸಾವು, ಮನೆಮಂದಿಯ ಅಲೆದಾಟ, ಇದೆಲ್ಲ ಅವಳಲ್ಲಿ ಸಿಗುತ್ತದೆ. ಅವಳೂ ದೊಡ್ಡ ಯಾತ್ರಿಕಳೇ: 1576ರಲ್ಲಿ ಅಂತಃಪುರದ ಹೆಂಗಸರ ಜೊತೆ ಮೆಕ್ಕಾಗೆ ಹಡಗು ಹತ್ತಿದವಳು ಮರಳಿದ್ದು 1582ರಲ್ಲಿ.

ಬಾಬರ್‌ನಾಮಾ, ಹುಮಾಯೂನ್‌ನಾಮಾ ಎರಡನ್ನೂ ಇಂಗ್ಲಿಷ್‌ಗೆ ತಂದವರು ಆನೆಟ್ ಬೆವರಿಜ್. ಹಳೆಯ ಅನುವಾದಗಳಾದ್ದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಓದಬಹುದು. ಚೆರಿ-ಗ್ಯಾರಾರ್ಡ್, ಶ್ಯಾಕಲ್‌ಟನ್ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇವೆ. ಅಂಗಡಿಯಲ್ಲಿ ಬಾಬರ್‌ನಾಮಾ ಕೊಳ್ಳುವುದಾದರೆ ಸಂಕ್ಷಿಪ್ತ ಆವೃತ್ತಿಯೋ ಪೂರ್ತಿಯೋ ಅಂತ ನೋಡಿ, ಸಂಕ್ಷಿಪ್ತದಲ್ಲಿ ಬೆಟ್ಟದ ದಾರಿ, ಹಣ್ಣು, ಹಕ್ಕಿಗಳ ವರ್ಣನೆಗೇ ಮೊದಲು ಕತ್ತರಿ ಬಿದ್ದಿರಬಹುದು. ದಪ್ಪ ನೋಡಿ ಹೆದರಿಕೆಯಾದರೆ ಗುಲ್‌ಬದನ್‌ಳಿಂದಲೇ ಶುರು ಮಾಡಿ. ಅವಳದು ಚಿಕ್ಕ ಪುಸ್ತಕ, ಉಳಿದಿರುವ ಪ್ರತಿಯೂ ಕೊನೆಯಲ್ಲಿ ಥಟ್ಟನೆ ನಿಂತುಹೋಗುತ್ತದೆ.